ಪೌರುಷದ ಪರಿಕಲ್ಪನೆ: ಹಲಗಲಿಯಿಂದ ವಲಸೆಯವರೆಗೆ

ಪೌರುಷದ ಅರ್ಥವನ್ನು ಆಯಾ ಕಾಲದ ದುಡಿಮೆಯೂ ಅಧಿಕಾರವೂ ನಿರ್ಧರಿಸುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪರಿಸರದ ಚರಿತ್ರೆ ಇದಕ್ಕೆ ನಿದರ್ಶನವಾಗಿದೆ.

1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಧಿಕ್ಕರಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆಯೆದ್ದರು. ಆಯುಧ ಒಪ್ಪಿಸುವುದಕ್ಕಿಂತ ಸಾವೇ ಲೇಸೆಂಬ ಅವರ ನಿಲುವು ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಲ್ಲಿ ಉಳಿದಿದೆ. ಆಯುಧ ಕೈತಪ್ಪಿದ ಮೇಲೂ ಗರಡಿಯ ಸಾಧನೆ, ಜಾತ್ರೆಯ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಗಳು ಪೌರುಷದ ಅಳತೆಗೋಲಾಗಿ ಮುಂದುವರಿದವು. ರಬಕವಿ-ಬನಹಟ್ಟಿಯ ನೇಕಾರ ಮನೆಗಳಲ್ಲಿ ಗಂಡಿನ ಗೌರವ ಕೈಮಗ್ಗದ ಕಸುಬಿನಲ್ಲಿತ್ತು. ಹೆಂಗಸರು ಕಂಡಿಕೆ ಸುತ್ತುತ್ತಿದ್ದರು.

ವಿದ್ಯುತ್ ಮಗ್ಗವು ಈ ಕಸುಬಿನ ಬಲವನ್ನು ಕುಗ್ಗಿಸಿತು. 1991ರ ಉದಾರೀಕರಣದ ತರುವಾಯ ಹೊರಗಿನ ಅಗ್ಗದ ಸೀರೆಗಳ ಪೈಪೋಟಿ ಹೆಚ್ಚಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಹೊಲಗಳು ಮುಳುಗಿದವು. ದುಡಿಮೆ ಅರಸಿ ಇಚಲಕರಂಜಿ, ಗೋವಾ, ಬೆಂಗಳೂರುಗಳಿಗೆ ಹೋದವನ ಗಂಡಸುತನವನ್ನು ಊರು ಈಗ ಅವನು ಕಳಿಸುವ ಹಣದಿಂದ ಅಳೆಯುತ್ತದೆ. ಹೊಲ, ಸಂಘದ ಸಾಲ, ಮಕ್ಕಳ ಓದು ಮನೆಯಲ್ಲುಳಿದ ಹೆಂಡತಿಯ ಪಾಲಾಗಿವೆ. ಹೀಗೆ ಯಜಮಾನಿಕೆಯ ಹೆಸರು ಗಂಡಿನಲ್ಲಿ ಉಳಿದು, ಹೊಣೆ ಹೆಣ್ಣಿಗೆ ದಾಟಿದೆ.

ವೀರರ ಲಾವಣಿಗಳನ್ನು ಸಂಗ್ರಹಿಸಿದ ಜಾನಪದ ಅಧ್ಯಯನವು, ವಲಸೆ ಹೋದವನ ಮತ್ತು ಮನೆ ನಡೆಸುವವಳ ಮಾತುಗಳನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕಾಗಿದೆ.