ಕೆರೆಯ ಹೂಳಿನಲ್ಲಿ ಪ್ಲಾಸ್ಮಿಡ್ ಪತ್ತೆ: ಕಾಜಿಪಲ್ಲಿ ಅಧ್ಯಯನಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯನೀರನ್ನು ಸಂಸ್ಕರಿಸುವ ಸಾಮೂಹಿಕ ಘಟಕವೊಂದಿತ್ತು. ಅದರಿಂದ ಹೊರಬರುವ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ ಇದೆಯೆಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ಕೆಲವು ಬ್ಯಾಕ್ಟೀರಿಯಾಗಳಿಗೆ ವಿಷವಾಗುವ ಪ್ರಮಾಣಕ್ಕಿಂತ ಅದು ಸಾವಿರ ಪಟ್ಟಿಗೂ ಹೆಚ್ಚು. ಅಂಥ ನೀರಿನಲ್ಲಿ ಬದುಕಿ ಉಳಿದ ಬ್ಯಾಕ್ಟೀರಿಯಾಗಳು ತಮ್ಮ ಪ್ರತಿರೋಧವನ್ನು ಎಲ್ಲಿ ಇಟ್ಟುಕೊಂಡಿವೆ? ವರ್ಣತಂತುವಿನಲ್ಲೋ, ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್‌ಎ ಉಂಗುರದಲ್ಲೋ? ಪ್ರತಿರೋಧ ಎಷ್ಟಿದೆ ಎಂಬುದಕ್ಕಿಂತ ನನಗೆ ಈ ಪ್ರಶ್ನೆ ಮುಖ್ಯವೆನಿಸುತ್ತದೆ. ವರ್ಣತಂತುವಿನಲ್ಲಿ ಕುಳಿತ ವಂಶವಾಹಿ ಬಹುಮಟ್ಟಿಗೆ ಆ ಬ್ಯಾಕ್ಟೀರಿಯಾದ ಸಂತತಿಯಲ್ಲೇ ಉಳಿಯುತ್ತದೆ. ಪ್ಲಾಸ್ಮಿಡ್ ಹತ್ತಿದ ವಂಶವಾಹಿಯಾದರೋ ಕುಲ ದಾಟಿ, ಕೆರೆಯ ಜೀವಿಯಿಂದ ರೋಗಾಣುವಿಗೂ ಹೋಗಬಲ್ಲದು.

ಅದೇ ಪ್ರದೇಶದ ಕಾಜಿಪಲ್ಲಿ ಕೆರೆಯ ಹೂಳಿನ ಒಟ್ಟು ಡಿಎನ್‌ಎ ಓದಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. 81 ಬಗೆಯ ಪ್ರತಿರೋಧ ವಂಶವಾಹಿಗಳು, ಗೊತ್ತಿದ್ದ 26 ಪ್ಲಾಸ್ಮಿಡ್‌ಗಳು, ಹೊಸವೆಂದು ಊಹಿಸಲಾದ ಇನ್ನೂ 21 ಅದರಲ್ಲಿ ದಾಖಲಾದವು. ಹೋಲಿಕೆಗೆ ತೆಗೆದುಕೊಂಡ ಸ್ವೀಡನ್ನಿನ ಕೆರೆಗಿಂತ ಪ್ರತಿರೋಧ ವಂಶವಾಹಿಗಳು ಸುಮಾರು 7,000 ಪಟ್ಟು ಹೆಚ್ಚು ಎಂಬ ಅಂದಾಜೇ ಎಲ್ಲರ ನೆನಪಿನಲ್ಲಿ ಉಳಿಯುವಂಥದು. ಆದರೆ ಸ್ವೀಡನ್ನಿನ ಕೆರೆಯಲ್ಲಿ ಸಿಕ್ಕಿದ್ದು ಎಂಟೇ ವಂಶವಾಹಿಗಳು. ಛೇದ ಅಷ್ಟು ಸಣ್ಣದಿದ್ದಾಗ ಅನುಪಾತ ಸುಲಭವಾಗಿ ಹಿಗ್ಗುತ್ತದೆ. ನನ್ನ ಮಟ್ಟಿಗೆ ಆ ಅಧ್ಯಯನದ ನಿಜವಾದ ಬೆಲೆ ಇರುವುದು ಪ್ಲಾಸ್ಮಿಡ್‌ಗಳ ಪಟ್ಟಿಯಲ್ಲಿ. ‘ಊಹಿಸಲಾದ’ ಎಂಬ ವಿಶೇಷಣವನ್ನು ಲೇಖಕರು ಬಿಡದೆ ಬಳಸಿದ್ದಾರೆ, ಓದುವವರೂ ಅದನ್ನು ಬಿಡಬಾರದು.

ಆ ಎಚ್ಚರಕ್ಕೆ ಕಾರಣವಿದೆ. ಹೂಳಿನ ಡಿಎನ್‌ಎಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಓದಿ, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಬೇಕು. ಪ್ರತಿರೋಧ ವಂಶವಾಹಿಗಳ ಅಕ್ಕಪಕ್ಕದಲ್ಲಿ ಸಾಮಾನ್ಯವಾಗಿ ಜಿಗಿಯುವ ಡಿಎನ್‌ಎ ತುಂಡುಗಳಿರುತ್ತವೆ. ಒಂದೇ ತುಂಡಿನ ಪ್ರತಿಗಳು ವರ್ಣತಂತುವಿನಲ್ಲೂ ಹಲವು ಪ್ಲಾಸ್ಮಿಡ್‌ಗಳಲ್ಲೂ ಹರಡಿರುವುದರಿಂದ ಜೋಡಣೆ ಸರಿಯಾಗಿ ಅಲ್ಲಿಗೇ ಕಡಿದುಹೋಗುತ್ತದೆ. ವಂಶವಾಹಿ ಕೈಗೆ ಸಿಕ್ಕರೂ ಅದರ ಮನೆ ಸಿಗುವುದಿಲ್ಲ. ಗೊತ್ತಿರುವ ವಂಶವಾಹಿಯನ್ನು ನೇರವಾಗಿ ಎಣಿಸುವ ಪಿಸಿಆರ್‌ನ ತೊಡಕು ಬೇರೆ: ಸತ್ತ ಜೀವಕೋಶದಿಂದ ಸೋರಿ ಹೂಳಿಗೆ ಅಂಟಿಕೊಂಡ ಡಿಎನ್‌ಎಯನ್ನೂ ಅದು ಹೌದೆಂದು ಎಣಿಸುತ್ತದೆ.

ಎಣಿಕೆಯೇ ದಾರಿ ತಪ್ಪಿಸುವ ಉದಾಹರಣೆ ಕಾಜಿಪಲ್ಲಿಯ ದತ್ತಾಂಶದಲ್ಲಿಯೇ ಇದೆ. ಅಲ್ಲಿ ಅತಿ ಹೆಚ್ಚು ಕಂಡ ಎರಡು ವಂಶವಾಹಿಗಳಲ್ಲಿ ಕ್ಯುಎನ್‌ಆರ್-ಡಿ ಒಂದು. ಪ್ರಾವಿಡೆನ್ಸಿಯಾ, ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾಗಳಲ್ಲಿ ಇದು ಹೆಚ್ಚಾಗಿ ಕಾಣಿಸುವುದು ಕೇವಲ ಎರಡೂವರೆ–ಮೂರು ಸಾವಿರ ಕ್ಷಾರಜೋಡಿಗಳ ಪುಟ್ಟ ಪ್ಲಾಸ್ಮಿಡ್‌ಗಳ ಮೇಲೆ. ಇಷ್ಟು ಚಿಕ್ಕ ಪ್ಲಾಸ್ಮಿಡ್‌ಗಳು ಒಂದು ಕೋಶದಲ್ಲಿ ಹಲವು ಪ್ರತಿಗಳಾಗಿ ಇರಬಲ್ಲವು, ಹಾಗಾಗಿ ಎಣಿಕೆಯಲ್ಲಿ ಮೇಲೇರುತ್ತವೆ. ಆದರೆ ತಾವಾಗಿ ಇನ್ನೊಂದು ಕೋಶಕ್ಕೆ ದಾಟಲು ಬೇಕಾದ ವಂಶವಾಹಿಗಳಿಗೆ ಅಷ್ಟು ಸಣ್ಣ ಉಂಗುರದಲ್ಲಿ ಜಾಗವಿಲ್ಲ.

ದಾಟಬಲ್ಲವನ್ನು ಹುಡುಕಬೇಕಾದರೆ ಅವುಗಳನ್ನು ದಾಟಿಸಿಯೇ ನೋಡಬೇಕು. ಅದೇ ಕೆರೆಯ ಮೇಲೆ 2015ರಲ್ಲಿ ಬಂದ ಕೆಲಸ ಈ ದಾರಿ ಹಿಡಿಯಿತು. ಹೂಳಿನ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದ ಇ. ಕೋಲಿ ತಳಿಯೊಂದಿಗೆ ಬೆರೆಸಿ, ಆಮೇಲೆ ಪ್ರತಿಜೀವಕದ ಮೇಲೂ ಬೆಳೆಯಬಲ್ಲ ಇ. ಕೋಲಿಗಳನ್ನು ಮಾತ್ರ ಆರಿಸುವುದು ಈ ವಿಧಾನ. ಮೂಲ ಜೀವಿಯನ್ನು ಬೆಳೆಸಬೇಕಿಲ್ಲ, ಅದರ ಹೆಸರೂ ಗೊತ್ತಿರಬೇಕಿಲ್ಲ. ಹೀಗೆ ಹಿಡಿದವುಗಳಲ್ಲಿ ಇಂಕ್-ಎ/ಸಿ ಮತ್ತು ಇಂಕ್-ಎನ್ ಗುಂಪಿನ, ಫ್ಲೋರೊಕ್ವಿನೊಲೋನ್ (ಸಿಪ್ರೊಫ್ಲಾಕ್ಸಾಸಿನ್‌ನ ವರ್ಗ) ಪ್ರತಿರೋಧ ಹೊತ್ತ ಹೊಸ ಪ್ಲಾಸ್ಮಿಡ್‌ಗಳಿದ್ದವು. ಈ ಎರಡೂ ಗುಂಪುಗಳು ಆಸ್ಪತ್ರೆಯ ರೋಗಾಣುಗಳಲ್ಲಿ ಚಿರಪರಿಚಿತ. ಅನುಕ್ರಮದ ಪಟ್ಟಿ ಸೂಚಿಸಿದ್ದನ್ನು ಈ ಪ್ರಯೋಗ ಕಣ್ಣೆದುರು ತೋರಿಸಿತು.

ಈ ಬಲೆಗೂ ಮಿತಿಯಿದೆ. ಇ. ಕೋಲಿಯಲ್ಲಿ ಪ್ರತಿಯಾಗಲಾರದ ಪ್ಲಾಸ್ಮಿಡ್ ಅದಕ್ಕೆ ಬೀಳದು, ನಾವು ಆರಿಸಿದ ಪ್ರತಿಜೀವಕಕ್ಕೆ ಪ್ರತಿರೋಧವಿಲ್ಲದ್ದೂ ಬೀಳದು. ಆದ್ದರಿಂದ ಸ್ಯೂಡೊಮೊನಾಸ್ ಪುಟಿಡಾದಂಥ ಎರಡನೆಯ ಸ್ವೀಕರ್ತ ತಳಿಯನ್ನೂ ಇಡುವುದು ಒಳ್ಳೆಯದು. ಉಷ್ಣಾಂಶವೂ ಲೆಕ್ಕಕ್ಕೆ ಬರುತ್ತದೆ. ದೆಹಲಿಯ ನೀರಿನ ಮೇಲಿನ 2011ರ ಅಧ್ಯಯನದಲ್ಲಿ ಎನ್‌ಡಿಎಂ-1 ಎಂಬ ಪ್ರತಿರೋಧ ವಂಶವಾಹಿ ದಾಟಿದ್ದು 25 ಅಥವಾ 37 ಡಿಗ್ರಿ ಸೆಲ್ಸಿಯಸ್‌ಗಿಂತ 30 ಡಿಗ್ರಿಯಲ್ಲಿ ಹೆಚ್ಚು. ರೂಢಿಯಂತೆ 37 ಡಿಗ್ರಿಯಲ್ಲಷ್ಟೇ ಪರೀಕ್ಷಿಸಿದರೆ ನಮ್ಮ ಚರಂಡಿಗಳಲ್ಲಿ ನಡೆಯುವುದನ್ನು ಕಡಿಮೆ ಅಂದಾಜು ಮಾಡಿದಂತಾಗುತ್ತದೆ.

ಕರ್ನಾಟಕದಲ್ಲಿ ಇಂಥ ಪರೀಕ್ಷೆಗೆ ತಕ್ಕ ನೀರು ವೃಷಭಾವತಿ ನದಿಯದು. ಬೆಂಗಳೂರಿನ ಚರಂಡಿ ನೀರಿನೊಂದಿಗೆ ಪೀಣ್ಯ ಭಾಗದ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಅದು ಬೈರಮಂಗಲ ಕೆರೆ ಸೇರುತ್ತದೆ, ಅಲ್ಲಿಂದ ಹೊಲಗಳಿಗೆ ಹರಿಯುತ್ತದೆ. ಅಲ್ಲಿ ಲೋಹಗಳನ್ನೂ ಗಮನಿಸಬೇಕು. ಟಿಎನ್21 ಎಂಬ ಜಿಗಿಯುವ ತುಂಡಿನಲ್ಲಿ ಪಾದರಸವನ್ನು ತಾಳುವ ವಂಶವಾಹಿಗಳೂ ಸಲ್ಫಾ, ಸ್ಟ್ರೆಪ್ಟೊಮೈಸಿನ್ ಪ್ರತಿರೋಧವೂ ಒಟ್ಟಿಗೇ ಇವೆ. ಔಷಧದ ಅಂಶವೇ ಇಲ್ಲದ ನೀರಿನಲ್ಲೂ ಲೋಹವೊಂದೇ ಇವೆಲ್ಲವನ್ನೂ ಉಳಿಸಬಲ್ಲದು.

ಈ ನೀರಿನ ಮೇಲೆ ಕೆಲಸ ಮಾಡುವ ಪ್ರಯೋಗಾಲಯಗಳಲ್ಲಿ ನನ್ನ ವಿನಂತಿ ಇಷ್ಟು: ಪಿಸಿಆರ್ ಎಣಿಕೆಗೆ ನಿಲ್ಲಬೇಡಿ. ಅದೇ ಮಾದರಿಯಿಂದ ಎರಡು ಸ್ವೀಕರ್ತ ತಳಿಗಳಿಗೆ, 30 ಡಿಗ್ರಿಯಲ್ಲಿ, ಒಂದು ಪ್ರತಿಜೀವಕ ಮತ್ತು ಒಂದು ಲೋಹದ ಮೇಲೆ ಪ್ಲಾಸ್ಮಿಡ್ ಹಿಡಿಯಿರಿ. ಹಿಡಿದದ್ದನ್ನು ಉದ್ದ ಓದಿನ ವಿಧಾನದಿಂದ ಪೂರ್ತಿ ಉಂಗುರವಾಗಿ ಓದಿಸಿ. ಏನೂ ಸಿಗದ ಮಾದರಿಗಳ ಫಲಿತಾಂಶವನ್ನೂ ಪ್ರಕಟಿಸಿ.