ಕುದಿಯುವ ನೀರಿನಲ್ಲಿ 72 ಗಂಟೆ

ಸಿಂಕಿನ ಕೆಳಗಿನ ಕಪಾಟು ಎರಡನೇ ಮಳೆಗಾಲಕ್ಕೇ ಉಬ್ಬಿ ಪದರ ಪದರವಾಗಿ ಬಾಯಿಬಿಟ್ಟಿತ್ತು. ಬಡಗಿ ಅಂಚನ್ನು ತಟ್ಟಿ ನೋಡಿ, ‘ಇದು ಎಂಆರ್ ಸಾರ್’ ಎಂದರು. ಕೊಳ್ಳುವಾಗ ಅಂಗಡಿಯವನು ಹೇಳಿದ್ದು ‘ವಾಟರ್‌ಪ್ರೂಫ್’ ಎಂದು. ಹಲಗೆಯ ಮೇಲಿನ ಮುದ್ರೆ ನಾನು ಓದಿರಲಿಲ್ಲ.

ನಮ್ಮ ದೇಶದಲ್ಲಿ ಪ್ಲೈವುಡ್ ಬೆಳೆದದ್ದು ಕಪಾಟಿಗಾಗಿ ಅಲ್ಲ, ಚಹಾಕ್ಕಾಗಿ. ಅಸ್ಸಾಮಿನ ಎಲೆ ಹಡಗೇರಲು ಹಗುರವಾದ ಪೆಟ್ಟಿಗೆ ಬೇಕಿತ್ತು. ಮೊದಲು ಅದೂ ವಿದೇಶದಿಂದ ಬರುತ್ತಿತ್ತು. 1920ರ ದಶಕದಲ್ಲಿ ಅಸ್ಸಾಮಿನಲ್ಲೇ ತಯಾರಿ ಶುರುವಾಯಿತು. ಮುಂದೆ ಭಾರತೀಯ ಮಾನಕಗಳಲ್ಲಿ ಚಹಾ ಪೆಟ್ಟಿಗೆಗೆ ಸಿಕ್ಕ ಸಂಖ್ಯೆ 10. ನಮ್ಮ ಮನೆಗಳ ಪ್ಲೈವುಡ್‌ನದು 303! ನಮ್ಮಲ್ಲಿ ದಾಂಡೇಲಿಯ ಕಾಡಿನ ಮಗ್ಗುಲಲ್ಲೂ ಪ್ಲೈವುಡ್ ಕಾರ್ಖಾನೆ ಎದ್ದಿತು.

ಆದರೆ ಹಲಗೆಯ ಆಯುಸ್ಸು ಮರಕ್ಕಿಂತ ಹೆಚ್ಚಾಗಿ ಅಂಟಿನಲ್ಲಿದೆ. ಹಿಂದೆ ಹಾಲಿನ ಕೇಸಿನ್, ಪ್ರಾಣಿಗಳ ರಕ್ತದಿಂದ ಅಂಟು ಮಾಡುತ್ತಿದ್ದರು. ತೇವದಲ್ಲಿ ಅದಕ್ಕೆ ಬೂಷ್ಟು. ರಾಳದ ಅಂಟು ಬಂದ ಮೇಲೆ ಪರೀಕ್ಷೆಯೂ ಬಿಗಿಯಾಯಿತು. ಈ ಉದ್ಯಮಕ್ಕೆಂದೇ 1962ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಸಂಸ್ಥೆ ಹುಟ್ಟಿತು. ಎಂಆರ್‌ನಲ್ಲಿ ಸಾಮಾನ್ಯವಾಗಿ ಯೂರಿಯಾ ಅಂಟು: 60 ಡಿಗ್ರಿ ಬಿಸಿನೀರಿನಲ್ಲಿ 3 ಗಂಟೆ ತಾಳಿದರೆ ಸಾಕು. ಬಿಡಬ್ಲ್ಯುಆರ್‌ನ ಫೀನಾಲ್ ಅಂಟು ಕುದಿಯುವ ನೀರಿನಲ್ಲಿ 8 ಗಂಟೆ ತಾಳಬೇಕು. 710 ಸಂಖ್ಯೆಯ ಮೆರೀನ್ ಹಲಗೆಗೆ ಪೂರ್ತಿ 72 ಗಂಟೆ. ಸಿಂಕಿನ ಕೆಳಗೆ ಬೇಕಾದದ್ದು ಈ ಕೊನೆಯ ಎರಡರಲ್ಲೊಂದು. ಎಂಡಿಎಫ್ ಬಣ್ಣ ಬಳಿದ ಬಾಗಿಲಿಗೆ ಚೆಂದ, ಆದರೆ ಅಂಚಿಗೆ ನೀರು ತಗುಲಿದರೆ ಊದಿಕೊಳ್ಳುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಉದ್ದದ ಬಾಗಿಲಿಗೆ ಬ್ಲಾಕ್‌ಬೋರ್ಡ್ ವಾಸಿ, ಬೇಗ ಬಾಗದು.

ಮರದ ಕಥೆ ಬೇರೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಡು ಕಡಿತಕ್ಕೆ ಕಡಿವಾಣ ಹಾಕಿತು. ಈಶಾನ್ಯದ ಎಷ್ಟೋ ಪ್ಲೈವುಡ್ ಗಿರಣಿಗಳು ನಿಂತವು. ಉದ್ಯಮ ಕಾಡು ಬಿಟ್ಟು ಹೊಲದತ್ತ ತಿರುಗಿತು. ಯಮುನಾನಗರಕ್ಕೆ ರೈತರ ಪಾಪ್ಲರ್, ಪೆರುಂಬಾವೂರಿಗೆ ರಬ್ಬರ್ ಮರ, ನಮ್ಮಲ್ಲಿ ಹೆಬ್ಬೇವು. ಕೊಡಗಿನಲ್ಲಿ ಕಾಫಿಗೆ ನೆರಳು ಕೊಟ್ಟು ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಓಕ್ ಕೂಡ ಕೊನೆಗೆ ಪದರವಾಗಿ ಸುಲಿಯಲ್ಪಡುತ್ತದೆ. ಹಳೆಯ ಬಡಗಿಗಳು ಈಗಿನ ಹಲಗೆ ಹಗುರ ಎಂದು ಗೊಣಗುವುದಕ್ಕೆ ಇದೂ ಒಂದು ಕಾರಣ.

ಈಗ ಸಿಂಕಿನ ಕೆಳಗೆ 710 ಕೂತಿದೆ. ಹಳೆಯ ಕಪಾಟಿನಲ್ಲಿ ಊದದೆ ಉಳಿದ ಹಲಗೆಗಳಿಂದ ಬಡಗಿ ಪುಸ್ತಕದ ಕಪಾಟು ಮಾಡಿಕೊಟ್ಟರು. ಒಣ ಕೋಣೆಯಲ್ಲಿ ಅದಕ್ಕೆ ಏನೂ ಆಗಿಲ್ಲ.