ನುಂಗಂಬಾಕ್ಕದ ವೇಧಶಾಲೆಯೂ ಬಂದೂಕಿನ ಗುರಿದರ್ಶಕವೂ

ನುಂಗಂಬಾಕ್ಕದ ಕಾಲೇಜು ರಸ್ತೆಯಲ್ಲಿರುವ ಹವಾಮಾನ ಕೇಂದ್ರದ ಆವರಣದಲ್ಲಿ ಒಂದು ಕಗ್ಗಲ್ಲಿನ ಕಂಬವುಂಟು. 1792ರಲ್ಲಿ ಮೈಕೇಲ್ ಟಾಪಿಂಗನು ಕಟ್ಟಿಸಿದ ಮದರಾಸು ವೇಧಶಾಲೆಯಲ್ಲಿ ಖಗೋಳೋಪಕರಣವನ್ನು ಹೊತ್ತಿದ್ದ ಕಂಬವದು. ಮಳೆಗಾಲದಲ್ಲಿ ಈ ಕೇಂದ್ರದ ಹೆಸರನ್ನು ಕೇಳದ ಕನ್ನಡಿಗನು ಈ ನಗರದಲ್ಲಿ ಇರಲಾರನು. ಕಂಬವನ್ನು ಬಲ್ಲವರು ವಿರಳ. ಇಂದಿನ ಬಂದೂಕುಗಳ ಮೇಲೆ ಕಾಣುವ ಹಾಲೊಗ್ರಾಫಿಕ್ ಗುರಿದರ್ಶಕದ ವಂಶವನ್ನು ಅರಸುವವನು ಆಯುಧಶಾಲೆಗಿಂತ ಮೊದಲು ಇಂಥ ವೇಧಶಾಲೆಯ ಬಾಗಿಲಿಗೆ ಬರಬೇಕಾಗುತ್ತದೆಂಬುದು ನಮ್ಮ ಅಭಿಪ್ರಾಯ.

ಹಳೆಯ ಬಂದೂಕಿನಲ್ಲಿ ಗುರಿಯಿಡುವವನು ಹಿಂದಣ ಸೀಳು, ಮುಂದಣ ಮೊನೆ, ದೂರದ ಗುರಿ, ಈ ಮೂರನ್ನೂ ಒಂದೇ ರೇಖೆಗೆ ತರಬೇಕು. ಮೂರೂ ಬೇರೆಬೇರೆ ದೂರದಲ್ಲಿರುವುದರಿಂದ ಕಣ್ಣಿಗೆ ಒಮ್ಮೆಗೆ ಒಂದೇ ಸ್ಪಷ್ಟವಾಗುವುದು. ಖಗೋಳಜ್ಞರಿಗೆ ಈ ತೊಡಕಿರಲಿಲ್ಲ. ದೂರದರ್ಶಕದ ನಾಭಿಯಲ್ಲಿ ನವಿರಾದ ಎಳೆಗಳನ್ನು ಕಟ್ಟಿದರೆ, ನಕ್ಷತ್ರವೂ ಎಳೆಯೂ ಒಂದೇ ದೂರದಲ್ಲಿರುವಂತೆ ತೋರುವುವು. ಮದರಾಸಿನಲ್ಲಿ ಟೇಲರನು 11,000ಕ್ಕೂ ಮಿಕ್ಕ ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸಿದುದು ಈ ಎಳೆಗಳ ಬಲದಿಂದಲೇ.

ಇದೇ ವೇಧಶಾಲೆಗೆ 1850ರಲ್ಲಿ ಪ್ಯಾರಿಸಿನ ಲೆರೆಬೂರ್ ಮತ್ತು ಸೆಕ್ರೆಟಾನ್ ಸಂಸ್ಥೆಯ ಆರಂಗುಲದ ದೂರದರ್ಶಕವೊಂದು ಬಂದಿತ್ತು. 1898ರಲ್ಲಿ ಅದಕ್ಕೆ ಹೊಸ ರೂಪವಿತ್ತವರು ಡಬ್ಲಿನ್ನಿನ ಸರ್ ಹೋವರ್ಡ್ ಗ್ರಬ್. ಎರಡೇ ವರ್ಷಗಳ ತರುವಾಯ, 1900ರಲ್ಲಿ, ಇದೇ ಗ್ರಬ್ ದೊಡ್ಡ ಸಣ್ಣ ಆಯುಧಗಳೆರಡಕ್ಕೂ ಹೊಂದುವ ಪ್ರತಿಫಲನ ಗುರಿದರ್ಶಕಕ್ಕೆ ಪೇಟೆಂಟು ಪಡೆದರು. ಮಸೂರದ ನಾಭಿಯಲ್ಲಿ ಒಂದು ಗುರುತು. ಅದರಿಂದ ಸಮಾನಾಂತರವಾಗಿ ಹೊರಟ ಕಿರಣಗಳು ಓರೆಗಾಜಿನಿಂದ ಪ್ರತಿಫಲಿಸಿ ಕಣ್ಣನ್ನು ಸೇರುವುವು. ಗುರುತು ಗುರಿಯಷ್ಟೇ ದೂರದಲ್ಲಿ ತೇಲಿದಂತೆ ಕಾಣುವುದು. ತಲೆ ತುಸು ಅಲುಗಿದರೂ ಗುರಿ ತಪ್ಪದು. ಮದರಾಸಿನ ದೂರದರ್ಶಕವೇ ಈ ಯೋಚನೆಗೆ ಮೂಲವೆಂದರೆ ಅತ್ಯುಕ್ತಿಯಾದೀತು. ಎರಡೂ ಒಂದೇ ಕುಶಲತೆಯ ಫಲವೆಂದರೆ ಸಾಕು. 1918ರಲ್ಲಿ ಜರ್ಮನರು ತಮ್ಮ ಯುದ್ಧವಿಮಾನಗಳಲ್ಲಿ ಈ ಬಗೆಯ ಸಾಧನವನ್ನು ಬಳಸಿದರು.

ಡೆನಿಸ್ ಗಾಬರ್ 1947ರಲ್ಲಿ ಹಾಲೊಗ್ರಫಿಯನ್ನು ಕಂಡುಹಿಡಿದರು. 1960ರಲ್ಲಿ ಲೇಸರ್ ಬಂದಿತು. ಮಿಚಿಗನ್ನಿನಲ್ಲಿ ಲೀತ್ ಮತ್ತು ಉಪಾಟ್ನೀಕ್ಸ್ ಇವೆರಡನ್ನೂ ಕೂಡಿಸಿದರು. ಆ ಸೀಮೆಯಲ್ಲಿಯೇ ಸಿದ್ಧವಾದ ಹಾಲೊಗ್ರಾಫಿಕ್ ಗುರಿದರ್ಶಕವು 1996ರಲ್ಲಿ ಮಾರುಕಟ್ಟೆಗೆ ಬಂದಿತು. ಇಲ್ಲಿ ಗುರುತು ಗಾಜಿನ ಫಲಕದಲ್ಲಿಯೇ ದಾಖಲಾಗಿದ್ದು, ಲೇಸರ್ ಬೆಳಕು ಬಿದ್ದಾಗ ಮೈದೋರುವುದು. ಕಷ್ಟವೊಂದುಂಟು: ಉಷ್ಣತೆ ಬದಲಾದರೆ ಲೇಸರಿನ ತರಂಗಾಂತರವೂ ಬದಲಾಗಿ ಗುರುತು ಸರಿಯುವುದು. ಇದನ್ನು ತಡೆಯಲು ಎದುರು ದಿಕ್ಕಿಗೆ ಬಾಗಿಸುವ ಮತ್ತೊಂದು ರೇಖಾಜಾಲವನ್ನು ಬೆಳಕಿನ ದಾರಿಯಲ್ಲಿ ಇಡುತ್ತಾರೆ. ಆದರೂ ಶೀತೋಷ್ಣಗಳಲ್ಲಿ ಗುರಿ ಜರುಗಿದ ದೋಷವನ್ನು ಮರೆಮಾಚಿತೆಂಬ ಆರೋಪದ ಮೇಲೆ, ಇಯೋಟೆಕ್ ಸಾಧನಗಳ ಒಡೆತನವಿದ್ದ ಎಲ್-3 ಸಂಸ್ಥೆಯು 2015ರಲ್ಲಿ ಅಮೆರಿಕದ ಸರ್ಕಾರಕ್ಕೆ 2 ಕೋಟಿ 56 ಲಕ್ಷ ಡಾಲರುಗಳನ್ನು ತೆತ್ತು ರಾಜಿ ಮಾಡಿಕೊಂಡಿತು. ಸಿಪಾಯಿಯ ಪ್ರಾಣ ಆ ಗುರುತನ್ನು ನೆಚ್ಚಿರುತ್ತದೆ. ಎದುರು ನಿಂತವನ ಪ್ರಾಣವೂ ಅಷ್ಟೇ. ವೇಧಶಾಲೆಯಲ್ಲಿ ಇಂಥ ದೋಷವನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದನ್ನು ಲೆಕ್ಕದಿಂದ ಕಳೆಯುವುದು ಖಗೋಳಜ್ಞನ ನಿತ್ಯವಿಧಿಯಾಗಿತ್ತು.

1899ರಲ್ಲಿ ವೇಧಶಾಲೆಯ ಮುಖ್ಯ ಕಾರ್ಯವು ಕೊಡೈಕನಾಲಿಗೆ ಹೋಯಿತು. ಗ್ರಬ್ ತಿದ್ದಿದ ದೂರದರ್ಶಕವೂ ಬೆಟ್ಟವೇರಿ, ನೂರು ವರ್ಷಗಳಿಗೂ ಮಿಕ್ಕಿ ಸೂರ್ಯನ ಚಿತ್ರಗಳನ್ನು ತೆಗೆಯಿತು. ಆ ವೇಧಶಾಲೆ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಕಂಬ ಮಾತ್ರ ನುಂಗಂಬಾಕ್ಕದಲ್ಲಿಯೇ ಉಳಿದಿದೆ.